ಕೊಟ್ಟ ಮೇಲಿನ ಹೊಣೆ

ಮುನಿಗಳಿಗೆ ವಿಹಿತವಾದ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯೂ ಒಂದು. ಕಮಂಡಲುವನ್ನಾಗಲಿ ಶಾಸ್ತ್ರಗ್ರಂಥವನ್ನಾಗಲಿ ಎತ್ತಿಕೊಳ್ಳುವಾಗ ನೋಡಿ ಎತ್ತಿಕೊಳ್ಳಬೇಕು; ಇಡುವಾಗಲೂ ಸ್ಥಳವನ್ನು ನೋಡಿ, ಪಿಂಛಿಯಿಂದ ಮೃದುವಾಗಿ ಶುದ್ಧಗೊಳಿಸಿ, ಯಾವ ಸೂಕ್ಷ್ಮ ಜೀವಿಗೂ ಬಾಧೆಯಾಗದಂತೆ ಇಡಬೇಕು. ಎತ್ತುವ ಕೈಗೆ ಇರಬೇಕಾದ ಎಚ್ಚರವೇ ಇಡುವ ಕೈಗೂ ಇರಬೇಕೆಂಬುದು ಈ ವಿಧಿಯ ತಿರುಳು. ಗೃಹಸ್ಥರಾದ ನಾವು ಇದನ್ನು ಯತಿಧರ್ಮದ ವಿಷಯವೆಂದು ಓದಿ ಮುಂದೆ ಸಾಗುತ್ತೇವೆ. ಆದರೆ ನಮ್ಮ ಕೈಗಳೂ ದಿನವೂ ಏನನ್ನೋ ಎತ್ತುತ್ತವೆ, ಎಲ್ಲಿಯೋ ಇಡುತ್ತವೆ. ಒಮ್ಮೊಮ್ಮೆ ನಾವು ಹಾಗೆ ಎತ್ತಿ ಇಡುವುದು ಒಂದು ಮಗುವನ್ನು. ಆಗ ಈ ಸಮಿತಿ ನಮಗೆ ಏನನ್ನು ವಿಧಿಸುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ.

ವಿಕಲಚೇತನ ಮಕ್ಕಳಿಗಾಗಿ ಇರುವ ಚಿಕಿತ್ಸೆ, ಶಿಕ್ಷಣ ಮತ್ತು ಪಾಲನೆಯ ಸೇವೆಗಳನ್ನು ಒಂದರೊಡನೊಂದು ಹೊಂದಿಸುವುದು ಆಡಳಿತದ ವಿಷಯವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅದು ಅಧಿಕಾರಿಗಳ ಸಭೆಗೆ ಸೇರಿದ್ದು, ಧರ್ಮಕ್ಕೆ ಸೇರಿದ್ದು ದಾನ ಮಾತ್ರ ಎಂಬ ನಂಬಿಕೆ ನಮ್ಮ ವಿಶ್ವಸ್ತ ಮಂಡಳಿಗಳಲ್ಲಿಯೂ ಬೇರೂರಿದೆ. ಈ ನಂಬಿಕೆಯನ್ನು ಪರೀಕ್ಷಿಸಿ ನೋಡಬೇಕಾದ ಕಾಲ ಬಂದಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಕಣ್ಣಮುಂದೆ ಇರಿಸಿಕೊಂಡು ವಿಚಾರ ಮಾಡೋಣ. 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದ ಈ ತಾಲ್ಲೂಕುಗಳು ಆ ವರ್ಷ ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ರಾಜ್ಯ ಸರ್ಕಾರ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರನ್ನಿಟ್ಟಿತು. ಬೆಂಗಳೂರು-ಮೈಸೂರು ರೈಲುಮಾರ್ಗ ರಾಮನಗರ ಮತ್ತು ಚನ್ನಪಟ್ಟಣಗಳನ್ನು ಮುಟ್ಟಿಕೊಂಡು ಹೋಗುತ್ತದೆ. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ. ಕನಕಪುರ ತಾಲ್ಲೂಕಿನ ದಕ್ಷಿಣದ ಹಳ್ಳಿಗಳು ಕಾವೇರಿಯ ಕಾಡಿನ ಅಂಚಿನವರೆಗೂ ಚಾಚಿವೆ. ಹೀಗಿದ್ದರೂ ಇಡೀ ಪ್ರದೇಶ ಎರಡು ದೊಡ್ಡ ನಗರಗಳ ನಡುವೆ ಇದೆ. ಒಂದು ದಿಕ್ಕಿಗೆ ಬೆಂಗಳೂರಿನ ನಿಮ್ಹಾನ್ಸ್, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಜಯದೇವ ಹೃದ್ರೋಗ ಸಂಸ್ಥೆ. ಇನ್ನೊಂದು ದಿಕ್ಕಿಗೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ದೇಶದ ಅಸಂಖ್ಯ ಹಳ್ಳಿಗಳಿಗೆ ಈ ಸಾಮೀಪ್ಯದ ಭಾಗ್ಯವಿಲ್ಲ. ಆದುದರಿಂದ ಇಲ್ಲಿಯೂ ಒಂದು ಮಗು ಕೈತಪ್ಪಿ ಹೋದರೆ ದೂರವನ್ನು ಮಾತ್ರ ದೂರುವಂತಿಲ್ಲ.

ಸೇವೆಗಳೇ ಇಲ್ಲವೆಂದು ಹೇಳುವುದೂ ಸಾಧ್ಯವಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಹೋಗಿ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ಕುಂಠಿತ ಇವುಗಳನ್ನು ಗುರುತಿಸಬೇಕು. ಗುರುತಿಸಿದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಶಿಕ್ಷಣ ಇಲಾಖೆಯಲ್ಲಿ ವಿಶೇಷ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾರದ ಮಗುವಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯಿದೆ. ವಿಕಲಚೇತನರ ಇಲಾಖೆಯು ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು, ಗ್ರಾಮ ಪಂಚಾಯಿತಿಗಳಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಗೌರವಧನದ ಮೇಲೆ ನೇಮಿಸಿದೆ. ಇವರಲ್ಲಿ ಬಹುಮಂದಿ ಸ್ವತಃ ವಿಕಲಚೇತನರು. 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಮಾನ್ಯಮಾಡಿ, ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಆಶ್ರಯದಲ್ಲಿ ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ದೊರೆಯುತ್ತದೆ. ಇವೆಲ್ಲ ಕೈಗಳೇ. ಪ್ರತಿಯೊಂದು ಕೈಯೂ ಏನನ್ನಾದರೂ ಕೊಡಲು ಚಾಚಿಕೊಂಡಿದೆ.

ಈಗ ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಡೌನ್ ಸಿಂಡ್ರೋಮ್ ಇರುವ ಹೆಣ್ಣುಮಗುವೊಂದು ಹುಟ್ಟಿತೆಂದು ಕಲ್ಪಿಸಿಕೊಳ್ಳೋಣ. ಇಂತಹ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ. ಥೈರಾಯ್ಡ್ ಗ್ರಂಥಿಯ ಕೊರತೆ, ಕಿವಿಯ ಸೋಂಕು, ದೃಷ್ಟಿದೋಷಗಳೂ ಸಾಮಾನ್ಯ. ಹೃದಯಕ್ಕಾಗಿ ಮಗು ಬೆಂಗಳೂರಿಗೆ ಹೋಗಬೇಕು. ರಕ್ತಪರೀಕ್ಷೆ ಆಗಿಂದಾಗ್ಗೆ ನಡೆಯಬೇಕು. ಶ್ರವಣ ಪರೀಕ್ಷೆಗೆ ಮತ್ತೊಂದು ಕಡೆ. ಕೂರಿಸುವ, ನಿಲ್ಲಿಸುವ ವ್ಯಾಯಾಮಕ್ಕೆ ಇನ್ನೊಬ್ಬರು. ಪ್ರಮಾಣಪತ್ರ ಮತ್ತು ಗುರುತಿನ ಚೀಟಿಗೆ ಅಂತರ್ಜಾಲದಲ್ಲಿ ಅರ್ಜಿ, ಅನಂತರ ವೈದ್ಯಕೀಯ ಮಂಡಳಿಯ ಮುಂದೆ ಹಾಜರಿ. ಆರು ವರ್ಷ ತುಂಬಿದಾಗ ಶಾಲೆ. ಹೃದಯದ ವೈದ್ಯರು ಹೃದಯವನ್ನು ನೋಡಿ, ಇನ್ನು ಆರು ತಿಂಗಳಿಗೆ ಬನ್ನಿ ಎನ್ನುತ್ತಾರೆ, ಅದು ಸರಿ. ಅಂಗನವಾಡಿ ಕಾರ್ಯಕರ್ತೆ ತೂಕ ಕಡಿಮೆಯಿದೆಯೆಂದು ಬರೆದು ಪೌಷ್ಟಿಕ ಆಹಾರ ಕೊಡುತ್ತಾರೆ, ಅದೂ ಸರಿ. ಆದರೆ ತೂಕ ಏರದಿರುವುದಕ್ಕೆ ಹೃದಯವೇ ಕಾರಣವಾಗಿರಬಹುದೆಂಬ ಮಾತು ಆ ಇಬ್ಬರ ನಡುವೆ ಯಾರ ಬಾಯಲ್ಲೂ ಬರುವುದಿಲ್ಲ. ಮಗು ಕರೆದರೆ ತಿರುಗಿ ನೋಡುವುದಿಲ್ಲವೆಂದು ಶಿಕ್ಷಕಿ ಬುದ್ಧಿಮಾಂದ್ಯದ ಲೆಕ್ಕಕ್ಕೆ ಹಾಕುತ್ತಾರೆ. ಕಿವಿಯೊಳಗೆ ದ್ರವ ತುಂಬಿರುವುದು ತಿಳಿಯುವ ವೇಳೆಗೆ ಮಾತು ಕಲಿಯುವ ಪ್ರಾಯ ಕಳೆದಿರುತ್ತದೆ.

ಇಲ್ಲಿ ಯಾರು ತಪ್ಪು ಮಾಡಿದರು? ವೈದ್ಯರಲ್ಲ, ಶಿಕ್ಷಕಿಯಲ್ಲ, ಅಂಗನವಾಡಿ ಕಾರ್ಯಕರ್ತೆಯಲ್ಲ. ಅವರವರ ಕಡತ ತೆರೆದು ನೋಡಿದರೆ ಪ್ರತಿಯೊಂದರಲ್ಲೂ ಮಾಡಬೇಕಾದುದನ್ನು ಮಾಡಿದ್ದೇವೆಂಬ ಬರಹವಿರುತ್ತದೆ. ಆದರೂ ಮಗುವಿಗೆ ನಷ್ಟವಾಗಿದೆ, ಆ ನಷ್ಟ ಮರಳಿ ಭರ್ತಿಯಾಗುವಂಥದಲ್ಲ. ಕರ್ತೃವಿಲ್ಲದ ಹಿಂಸೆ ಉಂಟೆ ಎಂಬ ಕಠಿಣವಾದ ಪ್ರಶ್ನೆ ಇಲ್ಲಿ ಎದುರಾಗುತ್ತದೆ.

ನಮ್ಮ ಆಚಾರ್ಯರು ಇದಕ್ಕೆ ಕೊಟ್ಟಿರುವ ಉತ್ತರ ಸ್ಪಷ್ಟವಾಗಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯನ್ನು ನಿರೂಪಿಸುವಾಗ ದ್ವೇಷವನ್ನು ಮುಂದಿಡುವುದಿಲ್ಲ, ಪ್ರಮಾದವನ್ನು ಮುಂದಿಡುತ್ತದೆ. ಎಚ್ಚರಗೆಟ್ಟ ಮನೋವಾಕ್ಕಾಯಗಳ ವ್ಯಾಪಾರದಿಂದ ಪ್ರಾಣಕ್ಕೆ ಉಂಟಾಗುವ ಹಾನಿಯೇ ಹಿಂಸೆ. ಎಚ್ಚರದಿಂದ ನಡೆಯುವ ಮುನಿಯ ಪಾದದಡಿ ಅರಿಯದೆ ಜೀವಿಯೊಂದು ಸಿಲುಕಿದರೂ ಅವನಿಗೆ ಹಿಂಸೆಯ ದೋಷ ತಟ್ಟುವುದಿಲ್ಲ. ನೋಡದೆ ನಡೆದವನ ಕಾಲಡಿ ಯಾವ ಜೀವಿಯೂ ಸಾಯದಿದ್ದರೂ ಅವನು ದೋಷಮುಕ್ತನಲ್ಲ. ಈ ಅಳತೆಗೋಲಿನಿಂದ ನೋಡಿದರೆ, ಕೇಡಿನ ಉದ್ದೇಶ ಯಾರಲ್ಲಿಯೂ ಇರಲಿಲ್ಲವೆಂಬುದು ಸಮರ್ಥನೆಯಾಗದು. ನಾನು ಕೆಳಗಿಟ್ಟ ಮಗುವನ್ನು ಮುಂದಿನವರು ಎತ್ತಿಕೊಂಡರೇ ಎಂದು ತಿರುಗಿ ನೋಡದಿರುವುದೇ ಪ್ರಮಾದ. ಅದು ಒಬ್ಬನಲ್ಲಿ ಇಡಿಯಾಗಿ ಕಾಣದು. ಹಲವರಲ್ಲಿ ಹರಿದು ಹಂಚಿಹೋಗಿರುತ್ತದೆ. ಹಂಚಿಹೋದ ಮಾತ್ರಕ್ಕೆ ಅದು ಕರಗಿಹೋಗುವುದಿಲ್ಲ.

ಇದೇ ಸಂಗತಿಯನ್ನು ನಯವಾದದ ದೃಷ್ಟಿಯಿಂದಲೂ ನೋಡಬಹುದು. ವಸ್ತುವಿನ ಒಂದು ಅಂಶವನ್ನು ಹಿಡಿದು ಹೇಳುವುದು ನಯ. ವೈದ್ಯರದೊಂದು ನಯ, ಶಿಕ್ಷಕರದೊಂದು, ಪ್ರಮಾಣಪತ್ರದಲ್ಲಿ ಶೇಕಡಾವಾರು ಬರೆಯುವವರದು ಇನ್ನೊಂದು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ತನ್ನ ಅಂಶವನ್ನು ಹೇಳುತ್ತ ಉಳಿದ ಅಂಶಗಳಿಗೆ ಎಡೆಯಿಡುವವರೆಗೆ ಅದು ಸುನಯ. ಉಳಿದವು ಇಲ್ಲವೇ ಇಲ್ಲವೆಂಬಂತೆ ವರ್ತಿಸಿದರೆ ದುರ್ನಯ. ಮಗುವಿನ ಹೃದಯ ಬೇರೆ, ಕಿವಿ ಬೇರೆ, ಪಾಠ ಬೇರೆ ಎಂದು ಕಚೇರಿಗಳು ವಿಭಾಗಿಸಿಕೊಳ್ಳಬಹುದು. ಮಗುವಾದರೋ ಒಂದೇ ಜೀವದ್ರವ್ಯ. ಬಿಡಿ ನಯಗಳನ್ನು ಕೂಡಿಸಿ ಇಡಿಯಾದ ಅರಿವಾಗಿ ಕಾಣುವ ಒಬ್ಬರು ಎಲ್ಲಿಯಾದರೂ ಇರಬೇಕಲ್ಲವೆ?

ಒಬ್ಬರು ಇದ್ದೇ ಇದ್ದಾರೆ. ಆಕೆ ತಾಯಿ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವ ಆಸ್ಪತ್ರೆಯಲ್ಲಿ ಯಾವ ವಾರ ಯಾವ ಕೋಣೆ, ಯಾವ ಕಾಗದದ ಜೆರಾಕ್ಸ್ ಎಷ್ಟು ಪ್ರತಿ ಎಂಬುದೆಲ್ಲ ಆಕೆಯ ತಲೆಯಲ್ಲಿದೆ. 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಆಕೆಗೆ ಟಿಕೆಟ್ಟಿನ ಖರ್ಚು ತಪ್ಪಿದೆ. ಅದು ಸಣ್ಣ ಉಪಕಾರವಲ್ಲ. ಆದರೆ ಎಂಟು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು ಬಸ್ಸಿನ ಮೆಟ್ಟಿಲು ಹತ್ತುವುದು, ಒಂದು ದಿನದ ಕೂಲಿ ಬಿಟ್ಟು ಹೋಗಿ ಸಂಬಂಧಪಟ್ಟವರು ಇಂದು ರಜೆಯೆಂದು ಕೇಳಿಸಿಕೊಂಡು ಬರುವುದು ಯಾವ ಯೋಜನೆಯಿಂದಲೂ ತಪ್ಪಿಲ್ಲ. ನಾವು ಆಕೆಯ ತ್ಯಾಗವನ್ನು ಸಭೆಗಳಲ್ಲಿ ಕೊಂಡಾಡುತ್ತೇವೆ. ತ್ಯಾಗವೆಂದರೆ ಅರಿತು, ಇಚ್ಛೆಯಿಂದ ಬಿಡುವುದು. ಬೇರೆ ದಾರಿಯಿಲ್ಲದೆ ಹೊತ್ತ ಹೊರೆಯನ್ನು ತ್ಯಾಗವೆಂದು ಕರೆಯುವುದು ಆ ಪದಕ್ಕೂ ಆಕೆಗೂ ನ್ಯಾಯವಲ್ಲ. ನಮ್ಮ ಹೊಗಳಿಕೆ ಎಷ್ಟೋ ವೇಳೆ ಆ ಹೊರೆಗೆ ಹೆಗಲು ಕೊಡದಿರುವುದಕ್ಕೆ ನಾವು ಹುಡುಕಿಕೊಂಡ ನೆಪವಾಗಿರುತ್ತದೆ.

ಇನ್ನು ದಾನದ ವಿಷಯ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಪರಂಪರೆ ನಮ್ಮದು. ಧರ್ಮಸ್ಥಳದಂತಹ ಕ್ಷೇತ್ರದಲ್ಲಿ ಅನ್ನ, ಔಷಧ, ವಿದ್ಯೆ, ಅಭಯಗಳ ರೂಪದಲ್ಲಿ ಅದು ಇಂದಿಗೂ ಕಣ್ಣಿಗೆ ಕಾಣುತ್ತದೆ. ಮಹಾವೀರ ಜಯಂತಿಯಂದು, ಪರ್ಯುಷಣ ಅಥವಾ ದಶಲಕ್ಷಣ ಪರ್ವದಲ್ಲಿ ನಮ್ಮ ಮಂಡಳಿಗಳು ಏರ್ಪಡಿಸುವ ಶಿಬಿರಗಳಲ್ಲಿ ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರಗಳು ಹಂಚಲ್ಪಡುತ್ತವೆ. ಕೊಡುವವರ ಭಾವಶುದ್ಧಿಯನ್ನು ಸಂದೇಹಿಸಲು ಕಾರಣವಿಲ್ಲ. ಆದರೆ ದಾನದ ಹಿರಿಮೆಯನ್ನು ಅಳೆಯಲು ಸೂತ್ರಕಾರರು ವಸ್ತುವೊಂದನ್ನೇ ಮಾನದಂಡವಾಗಿ ಇಡಲಿಲ್ಲ. ಕೊಡುವ ಕ್ರಮ, ಕೊಡುವ ವಸ್ತು, ಕೊಡುವವನು, ಪಡೆಯುವವನು ಈ ನಾಲ್ಕನ್ನೂ ಪರಿಗಣಿಸಬೇಕೆಂದರು. ಅವುಗಳಲ್ಲಿ ಕ್ರಮಕ್ಕೂ ಸ್ಥಾನವಿರುವುದನ್ನು ನಾವು ಗಮನಿಸಬೇಕು.

ಕ್ರಮವೆಂಬುದು ಎಷ್ಟು ನಿರ್ಣಾಯಕವೆಂಬುದಕ್ಕೆ ವೈದ್ಯಶಾಸ್ತ್ರದಿಂದಲೇ ಎರಡು ದೃಷ್ಟಾಂತಗಳನ್ನು ಕೊಡಬಹುದು. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಕ್ಲಬ್‌ಫುಟ್ ಎಂಬ ದೋಷಕ್ಕೆ ಪೊನ್ಸೆಟಿ ವಿಧಾನದ ಚಿಕಿತ್ಸೆಯಿದೆ. ವಾರಕ್ಕೊಂದರಂತೆ ಹಲವು ವಾರ ಪ್ಲಾಸ್ಟರ್ ಬದಲಿಸಿ ಪಾದವನ್ನು ಮೆಲ್ಲಮೆಲ್ಲನೆ ಸರಿದಾರಿಗೆ ತರುತ್ತಾರೆ. ಬಹುಪಾಲು ಮಕ್ಕಳಿಗೆ ಹಿಮ್ಮಡಿಯ ಬಳಿ ಸಣ್ಣದೊಂದು ಶಸ್ತ್ರಕ್ರಿಯೆ ಮಾಡುತ್ತಾರೆ. ಎರಡು ತಿಂಗಳಲ್ಲಿ ಪಾದ ನೋಡಲು ನೇರವಾಗುತ್ತದೆ. ಆದರೆ ಚಿಕಿತ್ಸೆ ಅಲ್ಲಿಗೆ ಮುಗಿಯಲಿಲ್ಲ. ಸರಳಿಗೆ ಜೋಡಿಸಿದ ಬೂಟುಗಳನ್ನು ಮೊದಲ ಮೂರು ತಿಂಗಳು ಹಗಲೂ ರಾತ್ರಿಯೂ, ಆಮೇಲೆ ನಾಲ್ಕೈದು ವರ್ಷದ ಪ್ರಾಯದವರೆಗೆ ರಾತ್ರಿ ಮಲಗುವಾಗ ತೊಡಿಸಬೇಕು. ಮಗು ಅಳುತ್ತದೆ, ಪಾದ ಸರಿಯಾಗಿದೆಯಲ್ಲ ಎಂದು ಮನೆಯವರು ಬೂಟನ್ನು ಅಟ್ಟಕ್ಕೆ ಹಾಕುತ್ತಾರೆ, ಪಾದ ಮತ್ತೆ ತಿರುಚಿಕೊಳ್ಳುತ್ತದೆ. ಶ್ರವಣದೋಷದ ವಿಷಯವೂ ಹೀಗೆಯೇ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿದ ಕ್ರಮ. ಯಂತ್ರ ಕೊಟ್ಟ ಮೇಲೆ ಮಗು ಬೆಳೆದಂತೆ ಕಿವಿಯ ಅಚ್ಚನ್ನು ಬದಲಿಸಬೇಕು, ಬ್ಯಾಟರಿ ಒದಗಿಸಬೇಕು, ಕೇಳಿದ ಶಬ್ದವನ್ನು ಮಾತಾಗಿಸುವ ಅಭ್ಯಾಸವನ್ನು ವರ್ಷಗಟ್ಟಲೆ ಮಾಡಿಸಬೇಕು. ಶಿಬಿರದ ದಿನ ಕಿವಿಗೆ ಏರಿದ ಯಂತ್ರ ಆರು ತಿಂಗಳಲ್ಲಿ ಪೆಟ್ಟಿಗೆ ಸೇರಿದರೆ, ನಮ್ಮ ವರದಿಯ ಪುಸ್ತಕದಲ್ಲಿ ದಾನ ಪೂರ್ಣವಾಗಿದೆ, ಮಗುವಿನ ಬದುಕಿನಲ್ಲಿ ಅದು ಆರಂಭವೇ ಆಗಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಕ್ತ್ವದ ಎಂಟು ಅಂಗಗಳಿಗೆ ಎಂಟು ಮಂದಿಯ ಹೆಸರುಗಳನ್ನು ನಿದರ್ಶನವಾಗಿ ಕೊಡಲಾಗಿದೆ. ನಿರ್ವಿಚಿಕಿತ್ಸೆಗೆ, ಅಂದರೆ ರೋಗಪೀಡಿತ ಶರೀರವನ್ನು ಕಂಡು ಹೇಸದಿರುವ ಗುಣಕ್ಕೆ, ರಾಜ ಉದ್ದಾಯನ ನಿದರ್ಶನ. ದೇವನೊಬ್ಬ ಪರೀಕ್ಷಿಸಲೆಂದು ಕುಷ್ಠಪೀಡಿತ ಮುನಿಯ ವೇಷದಲ್ಲಿ ಬಂದು ಆಹಾರ ಸ್ವೀಕರಿಸಿ ವಮನ ಮಾಡಿದ ಕಥೆ ನಮ್ಮೆಲ್ಲರಿಗೂ ಗೊತ್ತು. ದುರ್ಗಂಧಕ್ಕೆ ಪರಿಜನರು ದೂರ ಸರಿದರು. ರಾಜ ಸರಿಯಲಿಲ್ಲ, ತಾನೇ ಮುನಿಯ ಮೈ ತೊಳೆದ. ನಾವು ಸಾಮಾನ್ಯವಾಗಿ ಈ ಕಥೆಯಲ್ಲಿ ಅವನ ಹೇಸದಿರುವಿಕೆಯನ್ನು ಮೆಚ್ಚಿ ನಿಲ್ಲುತ್ತೇವೆ. ಅದರಲ್ಲಿ ಇನ್ನೊಂದು ಅಂಶವಿದೆ. ವಮನವಾದೊಡನೆ ರಾಜನಿಗೆ ಬಂದ ಯೋಚನೆ, ತಾನು ಕೊಟ್ಟ ಆಹಾರ ಈ ದೇಹಕ್ಕೆ ಒಗ್ಗಲಿಲ್ಲವೇನೋ, ತನ್ನಿಂದಲೇ ದೋಷವಾಯಿತೇನೋ ಎಂಬುದು. ಕೊಟ್ಟಾಯಿತು, ನನ್ನ ಕರ್ತವ್ಯ ಮುಗಿಯಿತು ಎಂದು ಅವನು ಹೇಳಲಿಲ್ಲ. ಕೊಟ್ಟದ್ದು ಪಡೆದವನ ದೇಹದಲ್ಲಿ ಏನಾಯಿತೆಂಬುದರವರೆಗೂ ದಾತೃವಿನ ಹೊಣೆ ಚಾಚಿದೆಯೆಂದು ಅವನು ತಿಳಿದಿದ್ದ. ಕೊಟ್ಟ ಮೇಲೆ ಹಿಂತಿರುಗಿ ನೋಡುವ ಆ ಗುಣ ನಮ್ಮ ಶಿಬಿರಗಳಲ್ಲಿ ಎಷ್ಟಿದೆ?

ಇದಕ್ಕೆ ಕೇಳಿಬರುವ ಆಕ್ಷೇಪಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಮೊದಲನೆಯದು ಕರ್ಮದ ಮಾತು. ಮಗುವಿನ ವೈಕಲ್ಯ ಅದರ ಪೂರ್ವಕರ್ಮದ ಉದಯ, ಅದನ್ನು ತಪ್ಪಿಸಲು ನಾವು ಯಾರು ಎನ್ನುವವರಿದ್ದಾರೆ. ಕರ್ಮಸಿದ್ಧಾಂತವನ್ನು ಒಪ್ಪುವವರೇ ಈ ಮಾತನ್ನು ಒಪ್ಪಲಾರರು. ಪರರ ಕರ್ಮವನ್ನು ನೇರವಾಗಿ ಬಲ್ಲವರು ಕೇವಲಜ್ಞಾನಿಗಳು. ನಮಗೆ ಆ ಅಧಿಕಾರವಿಲ್ಲ. ಈ ವಾದ ಸರಿಯಾಗಿದ್ದರೆ ರೋಗಿಗೆ ಔಷಧ ಕೊಡುವುದು ದಾನವೆನಿಸುತ್ತಿರಲಿಲ್ಲ, ರೋಗಿಗಳಾದ ಮುನಿಗಳ ಶುಶ್ರೂಷೆಯಾದ ವೈಯಾವೃತ್ತ್ಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸುತ್ತಿರಲಿಲ್ಲ. ಕರ್ಮ ಫಲಕೊಡುವುದಕ್ಕೂ ನಿಮಿತ್ತ ಬೇಕು, ಅದರ ತೀವ್ರತೆ ತಗ್ಗುವುದಕ್ಕೂ ನಿಮಿತ್ತ ಬೇಕು. ನಾವು ಯಾವುದಕ್ಕೆ ನಿಮಿತ್ತವಾಗುತ್ತೇವೆಂಬುದು ನಮ್ಮ ಕೈಯಲ್ಲಿದೆ. ಅದು ನಮ್ಮ ಕರ್ಮದ ಲೆಕ್ಕ. ಈ ಮಾತನ್ನು ತಾಯಿಯ ಎದುರಿಗೆ ಆಡುವವರಂತೂ, ಸಮಾಧಾನ ಹೇಳುತ್ತಿದ್ದೇವೆಂಬ ಭ್ರಮೆಯಲ್ಲಿ, ವಾಚಿಕ ಹಿಂಸೆಯನ್ನೇ ಮಾಡುತ್ತಾರೆ.

ಎರಡನೆಯ ಆಕ್ಷೇಪ, ಇದು ಸರ್ಕಾರದ ಕೆಲಸ ಎಂಬುದು. ನಿಜ, ಕಾನೂನಿನ ಪ್ರಕಾರ ಇದು ಸರ್ಕಾರದ ಹೊಣೆ, ಮಗುವಿನ ಹಕ್ಕು. ಆ ಹಕ್ಕನ್ನು ದಾನದಿಂದ ತುಂಬಿಬಿಡುತ್ತೇವೆಂದು ಹೊರಡುವುದು ಅಪಚಾರವೇ ಆದೀತು. ಆದರೆ ಹಕ್ಕು ಕಾಗದದಿಂದ ಮನೆಯ ಬಾಗಿಲಿಗೆ ತಾನಾಗಿ ನಡೆದು ಬರುವುದಿಲ್ಲ. ಅದರ ಜೊತೆಗೆ ಯಾರಾದರೂ ನಡೆಯಬೇಕು. ಮೂರನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಳ್ಳುವವರು ಹೆಚ್ಚು: ಈ ಮಕ್ಕಳಲ್ಲಿ ಬಹುಪಾಲು ನಮ್ಮ ಸಮಾಜದವರಲ್ಲವಲ್ಲ ಎಂಬುದು. ಪಾತ್ರದಾನಕ್ಕೆ ಪಾತ್ರಾಪಾತ್ರ ವಿವೇಚನೆಯುಂಟು, ಕರುಣಾದಾನಕ್ಕೆ ದುಃಖವೇ ಅರ್ಹತೆ. ಜೀವಗಳು ಒಂದಕ್ಕೊಂದು ಉಪಕಾರ ಮಾಡುವುದೇ ಅವುಗಳ ಕಾರ್ಯವೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ಹೇಳುವಾಗ ಯಾವ ಜೀವದ ಕುಲವನ್ನೂ ಕೇಳಲಿಲ್ಲ. ನಮ್ಮ ಲಾಂಛನದಡಿ ಬರೆದುಕೊಂಡ ಆ ಮಾತನ್ನು ನಾವು ಅಷ್ಟಾದರೂ ನಂಬಬೇಡವೆ?

ಸೇವೆಗಳನ್ನು ಹೆಣೆದು ಕೊಟ್ಟರೆ ಏನು ಸಾಧ್ಯವೆಂಬುದಕ್ಕೆ ಉದಾಹರಣೆಗಳಿಗೆ ಕೊರತೆಯಿಲ್ಲ. ಡಿ.ಆರ್. ಮೆಹತಾ ಅವರು 1975ರಲ್ಲಿ ಜೈಪುರದಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಜಗತ್ಪ್ರಸಿದ್ಧವಾದುದು ಜೈಪುರ ಕಾಲಿನಿಂದ. ಆ ಕೃತಕ ಕಾಲು 1960ರ ದಶಕದ ಅಂತ್ಯದಲ್ಲಿಯೇ ಸಿದ್ಧವಾಗಿತ್ತು. ಸಮಿತಿ ಅದಕ್ಕೆ ಸೇರಿಸಿದ್ದು ಕ್ರಮವನ್ನು: ಬಂದವರಿಗೆ ಮತ್ತು ಜೊತೆಗೆ ಬಂದವರಿಗೆ ಊಟ, ವಸತಿ, ಅಳತೆ, ಜೋಡಣೆ, ನಡೆಯುವ ಅಭ್ಯಾಸ ಎಲ್ಲವೂ ಒಂದೇ ಆವರಣದಲ್ಲಿ, ಹಣವಿಲ್ಲದೆ. ತಮಿಳುನಾಡಿನ ತೆಂಕಾಶಿ ಬಳಿಯ ಆಯ್ಕುಡಿಯಲ್ಲಿ, ತಾವೇ ಕುತ್ತಿಗೆಯಿಂದ ಕೆಳಗೆ ಚಲನೆ ಕಳೆದುಕೊಂಡಿದ್ದ ಎಸ್. ರಾಮಕೃಷ್ಣನ್ ಅವರು 1981ರಲ್ಲಿ ಆರಂಭಿಸಿದ ಅಮರ ಸೇವಾ ಸಂಗಮವು ಹಳ್ಳಿಯ ಕಾರ್ಯಕರ್ತರಿಗೆ ತರಬೇತಿಯಿತ್ತು ಮಕ್ಕಳ ಮನೆಗಳಿಗೇ ಕಳುಹಿಸುತ್ತದೆ. ತಜ್ಞರು ಅವರ ಬೆನ್ನಿಗಿರುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೇ, ಬಾಲ್ಯದಲ್ಲಿ ಪೋಲಿಯೊಗೆ ತುತ್ತಾಗಿದ್ದ ಎನ್.ಎಸ್. ಹೇಮಾ ಅವರ ಮುಂದಾಳತ್ವದಲ್ಲಿ 1959ರಲ್ಲಿ ಹುಟ್ಟಿದ ವಿಕಲಚೇತನರ ಸಂಸ್ಥೆಯು, ಇಂದು ಎ.ಪಿ.ಡಿ. ಎಂದು ಪರಿಚಿತವಾಗಿರುವುದು, ಚಿಕಿತ್ಸೆ, ಶಾಲೆ, ಕಸುಬಿನ ತರಬೇತಿಗಳನ್ನು ಒಂದೇ ಸರಣಿಯಾಗಿ ಕಂಡಿದೆ. ಈ ಮೂರರಲ್ಲಿ ಎರಡನ್ನು ಆರಂಭಿಸಿದವರು ಸ್ವತಃ ವಿಕಲಚೇತನರೆಂಬುದು ಕಾಕತಾಳೀಯವಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ಹಸ್ತಾಂತರವಾಗುವಾಗ ಬೀಳುವ ಪೆಟ್ಟು ಬಿದ್ದವರಿಗೇ ಗೊತ್ತು.

ಹಾಗಾದರೆ ಒಂದು ಬಸದಿಯ ಅಥವಾ ಮಂದಿರದ ವಿಶ್ವಸ್ತ ಮಂಡಳಿ ಏನು ಮಾಡಬಹುದು? ಆಸ್ಪತ್ರೆ ಕಟ್ಟಬೇಕಿಲ್ಲ, ಮತ್ತೊಂದು ಶಾಲೆ ತೆರೆಯಬೇಕಿಲ್ಲ. ಮೊದಲಿಗೆ, ತಾಲ್ಲೂಕಿಗೆ ಒಬ್ಬರಂತೆ ಜೊತೆಗಾರರೊಬ್ಬರಿಗೆ ವೇತನ ಕೊಡಬಹುದು. ಅವರು ವೈದ್ಯರಾಗಿರಬೇಕಿಲ್ಲ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಆಶಾ ಕಾರ್ಯಕರ್ತೆ, ಸಂಪನ್ಮೂಲ ಶಿಕ್ಷಕರು ಇವರೊಡನೆ ಪರಿಚಯವಿಟ್ಟುಕೊಂಡು, ಈ ಮಗು ಮುಂದೆ ಎಲ್ಲಿಗೆ, ಯಾವ ದಿನ, ಯಾರ ಬಳಿಗೆ ಹೋಗಬೇಕು, ಹೋಯಿತೇ, ಹೋಗದಿದ್ದರೆ ಏಕೆ ಎಂಬುದನ್ನು ಕೇಳುವ ಒಬ್ಬ ವ್ಯಕ್ತಿ ಸಾಕು. ಎರಡನೆಯದಾಗಿ, ಪ್ರತಿ ಮಗುವಿಗೆ ಒಂದು ಪುಸ್ತಕ. ಅದರಲ್ಲಿ ಎಲ್ಲರೂ ಬರೆಯಬೇಕು, ಅದು ತಾಯಿಯ ಕೈಯಲ್ಲಿರಬೇಕು. ಮಗುವಿನ ಕಾಗದಪತ್ರ ಯಾರ ವಶದಲ್ಲಿದೆಯೋ ಅವರಿಗೆ ಆ ಮನೆಯ ಮೇಲೆ ಒಂದು ಅಧಿಕಾರ ಬರುತ್ತದೆ. ಇಂದಿನ ಜೊತೆಗಾರ ನಾಳೆ ದಲ್ಲಾಳಿಯಾಗದಂತೆ ತಡೆಯುವುದು ಈ ಒಂದು ನಿಯಮ. ಮೂರನೆಯದಾಗಿ, ತಿಂಗಳಿಗೊಮ್ಮೆ ಆರೋಗ್ಯ, ಶಿಕ್ಷಣ, ಅಂಗನವಾಡಿ ಮತ್ತು ವಿಕಲಚೇತನರ ಇಲಾಖೆಗಳ ತಾಲ್ಲೂಕು ಮಟ್ಟದವರು ಒಟ್ಟಿಗೆ ಕುಳಿತುಕೊಳ್ಳಲು ನಮ್ಮ ಸಭಾಭವನವನ್ನು ತೆರೆದುಕೊಡಬಹುದು. ಒಂದು ಸೂರು, ಒಂದು ಪಂಕ್ತಿಯ ಊಟ, ಮಕ್ಕಳ ಹೆಸರುಗಳ ಒಂದು ಪಟ್ಟಿ. ತಾಯಂದಿರೂ ಅಲ್ಲಿ ಕುರ್ಚಿಯ ಮೇಲೆ ಕುಳಿತು ಮಾತಾಡಬೇಕು. ನಾಲ್ಕನೆಯದಾಗಿ, ಶಿಬಿರ ನಡೆಸುವುದಾದರೆ ಮುಂದಿನ ಒಂದು ವರ್ಷದ ಅನುಸರಣೆಗೆ ಹಣವನ್ನು ಮೊದಲೇ ತೆಗೆದಿರಿಸಿ ನಡೆಸಬೇಕು. ಮಗುವಿನ ಭಾವಚಿತ್ರವನ್ನು ಕೃತಜ್ಞತೆಯ ರಸೀದಿಯಂತೆ ಪಡೆಯುವ ಅಭ್ಯಾಸವನ್ನು ಕೈಬಿಡಬೇಕು.

ಇದರಲ್ಲಿ ದಾನಿಗಳಿಗೆ ಸಿಗುವುದು ಕಡಿಮೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಗಾಲಿಕುರ್ಚಿಯ ಬೆನ್ನಿಗೆ ಹೆಸರು ಬರೆಸಬಹುದು. ಜೊತೆಗಾರನೊಬ್ಬ ಕನಕಪುರದಿಂದ ಕಾಡಂಚಿನ ಹಳ್ಳಿಗೆ ಹೋಗಿ, ಬೂಟು ಅಟ್ಟದಿಂದ ಕೆಳಗಿಳಿದಿದೆಯೇ ಎಂದು ನೋಡಿ ಬಂದದ್ದಕ್ಕೆ ಹೆಸರು ಬರೆಸಲು ಜಾಗವಿಲ್ಲ. ಮಗುವಿನ ಪಾದ ಮತ್ತೆ ತಿರುಚಿಕೊಳ್ಳಲಿಲ್ಲವೆಂಬುದು ಸುದ್ದಿಯೂ ಅಲ್ಲ. ಆದರೆ ಫಲಾಪೇಕ್ಷೆ ಇಲ್ಲದಿರುವುದು, ಅಸೂಯೆ ಅಹಂಕಾರಗಳಿಲ್ಲದಿರುವುದು ದಾತೃವಿನ ಗುಣಗಳೆಂದು ಹಿರಿಯರು ಎಣಿಸಿದ್ದಾರೆ. ಕಣ್ಣಿಗೆ ಕಾಣದ ದಾನದಲ್ಲಿ ಆ ಗುಣಗಳಿಗೆ ನಿಜವಾದ ಪರೀಕ್ಷೆ ಇದೆ.

2011ರ ಜನಗಣತಿಯ ಅಂಕಿ ಅಂಶಗಳ ಪ್ರಕಾರ ದೇಶದಲ್ಲಿ 19 ವರ್ಷದೊಳಗಿನ ವಿಕಲಚೇತನರ ಸಂಖ್ಯೆ 78 ಲಕ್ಷವನ್ನು ಮೀರಿತ್ತು. ಇಷ್ಟು ದೊಡ್ಡ ಸಂಖ್ಯೆಯ ಮುಂದೆ ಒಂದು ಮಂಡಳಿಯ ಶಕ್ತಿ ಏನೂ ಅಲ್ಲವೆನಿಸಬಹುದು. ಆದರೆ ಸಮಿತಿಯ ಪಾಲನೆಯನ್ನು ಯಾರೂ ಲೋಕದ ಎಲ್ಲ ಜೀವಿಗಳ ಲೆಕ್ಕದಿಂದ ಆರಂಭಿಸುವುದಿಲ್ಲ. ತನ್ನ ಕೈಯಲ್ಲಿರುವ ವಸ್ತು, ತಾನು ಅದನ್ನು ಇಡಲಿರುವ ಸ್ಥಳ, ಇಷ್ಟನ್ನೇ ಮುನಿಯು ನೋಡುವುದು. ನಮ್ಮ ಮಂಡಳಿಗಳೂ ಅಷ್ಟನ್ನು ನೋಡಲಿ. ಕಳೆದ ವರ್ಷದ ಶಿಬಿರದ ಪಟ್ಟಿಯನ್ನು ಈ ಪರ್ವದಲ್ಲಿ ಹೊರತೆಗೆಯೋಣ. ಅದರಲ್ಲಿರುವ ಒಂದೊಂದು ಹೆಸರಿನ ಮನೆಗೂ ಹೋಗಿ, ಕೊಟ್ಟದ್ದು ಏನಾಯಿತು, ಮಗು ಈಗ ಯಾರ ಕೈಯಲ್ಲಿದೆ ಎಂದು ಕೇಳೋಣ. ಆ ಪ್ರಶ್ನೆಗೆ ಸಿಗುವ ಉತ್ತರಗಳೇ ಮುಂದಿನ ವರ್ಷ ನಾವು ಏನನ್ನು ಕೊಡಬೇಕೆಂಬುದನ್ನು ಹೇಳುತ್ತವೆ.